ಮನೆ ಖಾಲಿಯಾದ ಕೂಡಲೇ ಕೈ ಫೋನಿನತ್ತ ಹೋಗುತ್ತದೆ: ಇದು ಏಕಾಂತದ ಭಯವೇ?

ತುಂಬಿದಮನೆ (ಪ್ರಶ್ನೆ)

ಒಬ್ಬಳೇ ಕುಳಿತುಕೊಳ್ಳಲು ದಿನಕ್ಕೊಂದು ಗಂಟೆ ಸಿಕ್ಕರೆ ಸಾಕು ಎಂದು ವರ್ಷಗಟ್ಟಲೆ ಹಂಬಲಿಸಿದವಳು ನಾನು. ಮಕ್ಕಳು, ಹಾಸಿಗೆ ಹಿಡಿದಿದ್ದ ಅತ್ತೆ, ಮನೆಯಿಂದಲೇ ಕೆಲಸ ಮಾಡುತ್ತಿದ್ದ ಪತಿ, ಇವರೆಲ್ಲರ ನಡುವೆ ನಾನು ಬಾಗಿಲು ಹಾಕಿಕೊಳ್ಳಬಹುದಾಗಿದ್ದ ಜಾಗವೆಂದರೆ ಸ್ನಾನದ ಮನೆಯೊಂದೇ. ಅಲ್ಲಿಯೂ ನಲ್ಲಿಯ ಸದ್ದು ನಿಂತರೆ ಸಾಕು, ಹೊರಗಿನಿಂದ ಯಾರಾದರೂ ಕೂಗಿ ಏನನ್ನಾದರೂ ಕೇಳುತ್ತಿದ್ದರು. ಈಗ ಮಕ್ಕಳು ದೊಡ್ಡವರಾಗಿದ್ದಾರೆ, ಅತ್ತೆ ತೀರಿಕೊಂಡಿದ್ದಾರೆ, ಪತಿ ಮತ್ತೆ ಕಚೇರಿಗೆ ಹೋಗತೊಡಗಿದ್ದಾರೆ. ವಾರದಲ್ಲಿ ಕೆಲವು ಮಧ್ಯಾಹ್ನಗಳು ಮನೆ ಪೂರ್ತಿ ನನ್ನದು.

ಆ ಮಧ್ಯಾಹ್ನಗಳಲ್ಲಿ ನಾನು ಮಾಡುವುದೇನೆಂದು ಹೇಳಿಕೊಳ್ಳಲು ಸಂಕೋಚವಾಗುತ್ತದೆ. ಎಲ್ಲರನ್ನೂ ಕಳಿಸಿ ಚಿಲಕ ಹಾಕಿ ತಿರುಗುವಷ್ಟರಲ್ಲಿ ಕೈ ತಾನಾಗಿ ಫೋನಿನತ್ತ ಹೋಗಿರುತ್ತದೆ. ಟಿವಿ ಹಾಕುತ್ತೇನೆ, ಆದರೆ ನೋಡುವುದಿಲ್ಲ. ಪಕ್ಕದ ಕೋಣೆಯಲ್ಲಿ ಯಾರೋ ಮಾತನಾಡುತ್ತಿರುವಂತೆ ಕೇಳಿಸುತ್ತಿದ್ದರೆ ನನಗಷ್ಟೇ ಸಾಕು. ಮಡಿಸಿಟ್ಟ ಬಟ್ಟೆಗಳನ್ನೇ ಕಪಾಟಿನಿಂದ ತೆಗೆದು ಮತ್ತೆ ಮಡಿಸಿಡುತ್ತೇನೆ. ವರ್ಷಕ್ಕೊಮ್ಮೆಯೂ ಮಾತನಾಡದ ದೂರದ ಪರಿಚಯದವರಿಗೆ ಶುಭಾಶಯ ಕಳಿಸಿ, ಅವರು ಉತ್ತರಿಸಿದರೇ ಎಂದು ಪರದೆಯನ್ನು ನೋಡುತ್ತಾ ಕೂರುತ್ತೇನೆ. ಈ ಸಮಯಕ್ಕಾಗಿಯೇ ಎತ್ತಿಟ್ಟುಕೊಂಡಿದ್ದ ಪುಸ್ತಕ ಇನ್ನೂ ಮೊದಲ ಪುಟಗಳನ್ನು ದಾಟಿಲ್ಲ. ಸಂಜೆ ಎಲ್ಲರೂ ಬಂದು ಮನೆ ಗದ್ದಲದಿಂದ ತುಂಬಿದಾಗ, ಬಯಸಿ ಬಯಸಿ ಪಡೆದದ್ದನ್ನು ಹೀಗೆ ಹಾಳುಮಾಡಿಕೊಂಡೆನಲ್ಲ ಎಂದು ನನ್ನ ಮೇಲೆಯೇ ಸಿಟ್ಟು ಬರುತ್ತದೆ.

ಇದು ಭಯವೋ, ಬರಿಯ ರೂಢಿಯೋ? ಒಬ್ಬರೇ ಇರುವುದನ್ನು ಈ ವಯಸ್ಸಿನಲ್ಲಿ ಕಲಿಯಲು ಬರುತ್ತದೆಯೇ? ಇನ್ನೂ ಒಂದು ವಿಷಯವಿದೆ. ಭಾನುವಾರ ಸ್ವಲ್ಪ ಹೊತ್ತು ನನ್ನಷ್ಟಕ್ಕೆ ನಾನಿರುತ್ತೇನೆ ಎಂದರೆ ಪತಿಯ ಮುಖ ಸಪ್ಪಗಾಗುತ್ತದೆ; "ನನ್ನ ಮೇಲೇನಾದರೂ ಕೋಪವೇ?" ಎಂದು ಕೇಳುತ್ತಾರೆ. ಇಲ್ಲ ಎಂದರೆ ನಂಬುವುದಿಲ್ಲ, ಬೇರೆ ಏನು ಹೇಳಬೇಕೆಂದು ನನಗೆ ತೋಚುವುದೂ ಇಲ್ಲ. ತಿಳಿದವರು ದಯವಿಟ್ಟು ಉತ್ತರಿಸಬೇಕು.

ಹಳೆಯಓದುಗ

ನಿಮಗಾಗುತ್ತಿರುವುದು ಅಪರೂಪದ ಸಂಗತಿಯಲ್ಲ. ಅದನ್ನು ಭಯ ಎಂದು ಕರೆಯುವ ಮೊದಲು ಸ್ವಲ್ಪ ತಾಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಈ ವಿಷಯದಲ್ಲಿ ಎಲ್ಲರೂ ಉದಾಹರಿಸುವ ಪ್ರಯೋಗವೊಂದಿದೆ. ವರ್ಜೀನಿಯಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ತಿಮೊಥಿ ವಿಲ್ಸನ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ್ದು. ಫೋನು, ಪುಸ್ತಕ, ಪೆನ್ನು ಯಾವುದೂ ಇಲ್ಲದ ಕೋಣೆಯಲ್ಲಿ ಒಬ್ಬೊಬ್ಬರನ್ನೇ 15 ನಿಮಿಷ ಕೂರಿಸಿ, ನಿಮ್ಮ ಯೋಚನೆಗಳೊಂದಿಗೆ ಇರಿ ಎಂದು ಹೇಳಿದ್ದರು. ಬೇಕೆಂದರೆ ಒಂದು ಗುಂಡಿ ಒತ್ತಿ ಸಣ್ಣದೊಂದು ವಿದ್ಯುತ್ ಆಘಾತವನ್ನು ತಾವೇ ಕೊಟ್ಟುಕೊಳ್ಳಬಹುದಿತ್ತು. ಆ ಆಘಾತ ಹೇಗಿರುತ್ತದೆಂದು ಅವರಿಗೆ ಮೊದಲೇ ತಿಳಿದಿತ್ತು, ಮತ್ತೆ ಅದು ಬೇಡವೆಂದು ದುಡ್ಡು ಕೊಡಲೂ ಸಿದ್ಧರಿದ್ದೇವೆ ಎಂದು ಹೇಳಿದ್ದವರನ್ನಷ್ಟೇ ಲೆಕ್ಕಕ್ಕೆ ಹಿಡಿದಿದ್ದರು. ಆದರೂ 18 ಗಂಡಸರಲ್ಲಿ 12 ಮಂದಿ, 24 ಹೆಂಗಸರಲ್ಲಿ 6 ಮಂದಿ ಒಮ್ಮೆಯಾದರೂ ಗುಂಡಿ ಒತ್ತಿದರು. ಇದನ್ನು ಓದಿದವರು, ಮನುಷ್ಯನಿಗೆ ತನ್ನ ಜೊತೆ ತಾನಿರುವುದೇ ಭಯ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ನನಗೆ ಆ ತೀರ್ಪು ಅವಸರದ್ದೆನಿಸುತ್ತದೆ. ಗುರುತಿಲ್ಲದ ಕೋಣೆ, ಬೇರೆಯವರು ಗೊತ್ತುಮಾಡಿದ ಅವಧಿ, ಕೈಗೆ ಕೆಲಸವಿಲ್ಲ. ಇದು ಏಕಾಂತಕ್ಕಿಂತ ಹೆಚ್ಚಾಗಿ ಸರದಿಗಾಗಿ ಕಾಯುವುದನ್ನು ಹೋಲುತ್ತದೆ, ಮತ್ತು ಕಾಯುವಾಗ ಎಲ್ಲರೂ ಏನನ್ನಾದರೂ ಒತ್ತುತ್ತಲೇ ಇರುತ್ತಾರೆ.

ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರವಾದದ್ದು, ಮನಶ್ಶಾಸ್ತ್ರಜ್ಞರಾದ ರಿಚರ್ಡ್ ರಯಾನ್ ಮತ್ತು ಎಡ್ವರ್ಡ್ ಡೆಸಿ ಸಹಲೇಖಕರಾಗಿದ್ದ 2018ರ ಅಧ್ಯಯನ. ಸುಮಾರು 15 ನಿಮಿಷ ಒಬ್ಬರೇ ಕುಳಿತವರಲ್ಲಿ ಆತಂಕ, ಕೋಪದಂತಹ ಏರಿದ ಭಾವಗಳು ಇಳಿದವು. ಆದರೆ ಉತ್ಸಾಹ, ಸಡಗರದಂತಹ ಏರಿದ ಭಾವಗಳೂ ಅವುಗಳ ಜೊತೆಗೇ ಇಳಿದವು. ಅಂದರೆ ಏಕಾಂತವು ಮೊದಲು ಮಾಡುವ ಕೆಲಸ ಸುಖ ಕೊಡುವುದಲ್ಲ, ಇಳಿಸುವುದು. ದಿನವಿಡೀ ಒಂದರ ಹಿಂದೊಂದು ಕರೆಗೆ ಓಗೊಡುತ್ತಾ ಏರಿದ ವೇಗದಲ್ಲೇ ಬಾಳಿದವರಿಗೆ ಈ ಇಳಿತ ವಿಶ್ರಾಂತಿಯಂತೆ ಕಾಣದೆ, ಏನೋ ಕಳೆದುಹೋದಂತೆ, ಏನನ್ನೋ ಮರೆತಂತೆ ಕಾಣುವುದು ಸಹಜ. ಕೈ ಫೋನಿಗೆ ಹೋಗುವುದು ಸರಿಯಾಗಿ ಆ ಹೊತ್ತಿನಲ್ಲಿ. ಅಲ್ಲಿ ತಪ್ಪಿಸಿಕೊಂಡರೆ ಇಳಿತ ಮುಗಿಯುವುದೇ ಇಲ್ಲ, ಪ್ರತಿ ಬಾರಿಯೂ ಮೊದಲಿನಿಂದ ಶುರುವಾಗುತ್ತದೆ. ಹಾಗಾಗಿ ನಿಮ್ಮ ಮಧ್ಯಾಹ್ನವಿಡೀ ಮೊದಲ ಅರ್ಧ ಗಂಟೆಯಾಗಿಯೇ ಉಳಿಯುತ್ತಿದೆ ಎಂದು ನನ್ನ ಊಹೆ.

ಅದೇ ಅಧ್ಯಯನದಲ್ಲಿ ಕಂಡ ಮತ್ತೊಂದು ಅಂಶ: ತಾವಾಗಿ ಆರಿಸಿಕೊಂಡು ಒಬ್ಬರೇ ಇದ್ದವರಲ್ಲಿ ಆ ಸಮಯ ಹೆಚ್ಚು ನಿರಾಳವಾಗಿತ್ತು. ನಿಮಗೆ ಸಿಕ್ಕಿರುವ ಮಧ್ಯಾಹ್ನಗಳು ಬೇರೆಯವರು ಹೊರಟುಹೋದದ್ದರಿಂದ ಉಳಿದವು, ನೀವು ಎದ್ದು ಹೋಗಿ ತೆಗೆದುಕೊಂಡವಲ್ಲ. ವ್ಯತ್ಯಾಸ ಸಣ್ಣದಾಗಿ ಕಂಡರೂ ಪರಿಣಾಮ ಸಣ್ಣದಲ್ಲ.

ರಾತ್ರಿಪಾಳಿ

ಹಿಂದಿನ ಉತ್ತರ ಬರೆದವರಷ್ಟು ಓದಿಕೊಂಡವನು ನಾನಲ್ಲ, ಆದರೆ ಒಬ್ಬನೇ ಇರುವುದು ನನ್ನ ಉದ್ಯೋಗ. ನೀರೆತ್ತುವ ಪಂಪಿನ ಮನೆಯಲ್ಲಿ ರಾತ್ರಿಪಾಳಿ ನನ್ನದು. ಗಂಟೆಗೊಮ್ಮೆ ಒತ್ತಡದ ಮಾಪಕ ನೋಡಿ ಪುಸ್ತಕದಲ್ಲಿ ಬರೆಯಬೇಕು, ಬೇರಿಂಗಿನ ಮೇಲೆ ಅಂಗೈ ಇಟ್ಟು ಬಿಸಿ ಹೆಚ್ಚಾಗಿದೆಯೇ ಎಂದು ನೋಡಬೇಕು, ಉಳಿದ ಹೊತ್ತು ಕುರ್ಚಿ ಮತ್ತು ನಾನು. ಹೊಸದಾಗಿ ಸೇರಿದವರಲ್ಲಿ ಹಲವರು ಕೆಲಸದ ಕಷ್ಟಕ್ಕಲ್ಲ, ಈ ಒಂಟಿತನಕ್ಕೆ ಹೆದರಿ ಬೇರೆ ಪಾಳಿ ಕೇಳಿಕೊಂಡು ಹೋದದ್ದನ್ನು ನೋಡಿದ್ದೇನೆ.

ನನ್ನ ಅನುಭವದಲ್ಲಿ, ಸುಮ್ಮನೆ ಕುಳಿತು ಏಕಾಂತವನ್ನು ಅನುಭವಿಸುತ್ತೇನೆ ಎಂದು ಹೊರಟವರಿಗೇ ಅದು ಮೊದಲು ಬೇಸರ ತರುತ್ತದೆ. ಕೈಗೆ ಸಣ್ಣದೊಂದು ಕೆಲಸ ಬೇಕು. ಅದು ಗಮನವನ್ನೆಲ್ಲ ನುಂಗುವಂತಹದ್ದಾಗಬಾರದು. ಫೋನು ಗಮನವನ್ನು ನುಂಗುತ್ತದೆ, ಹಗ್ಗ ಹೆಣೆಯುವುದು ನುಂಗುವುದಿಲ್ಲ. ಬಟ್ಟೆಯನ್ನು ಮತ್ತೆ ಮಡಿಸುತ್ತೇನೆ ಎಂದು ನೀವು ಸಂಕೋಚದಿಂದ ಬರೆದಿದ್ದೀರಿ. ನೀವು ಹೇಳಿರುವ ಪಟ್ಟಿಯಲ್ಲಿ ನನಗೆ ಸರಿ ಕಂಡ ಕೆಲಸ ಅದೊಂದೇ! ಟಿವಿ ಆರಿಸಿ ಬಟ್ಟೆ ಮಡಿಸಿ ನೋಡಿ.

ಎರಡನೆಯದು, ನಾನು ಪೂರ್ತಿ ಒಂಟಿಯೇನಲ್ಲ. ಆಚೆ ತುದಿಯ ಪಂಪಿನ ಮನೆಯಲ್ಲಿ ಇನ್ನೊಬ್ಬರಿದ್ದಾರೆ. ನಡುರಾತ್ರಿ ದಾಟಿದ ಮೇಲೆ ಒಮ್ಮೆ ಫೋನು ಮಾಡಿ "ಇದ್ದೀರಾ?" ಎನ್ನುತ್ತಾರೆ, ನಾನು "ಇದ್ದೀನಿ" ಎನ್ನುತ್ತೇನೆ, ಅಷ್ಟಕ್ಕೆ ಇಡುತ್ತೇವೆ. ಆ ಎರಡು ಮಾತಿನಿಂದ ಉಳಿದ ಗಂಟೆಗಳು ಹಗುರವಾಗುತ್ತವೆ. 1969ರಲ್ಲಿ ಇಬ್ಬರು ಚಂದ್ರನ ಮೇಲಿಳಿದಾಗ ಮೈಕೆಲ್ ಕಾಲಿನ್ಸ್ ನೌಕೆಯಲ್ಲಿ ಒಬ್ಬರೇ ಸುತ್ತುತ್ತಿದ್ದರಷ್ಟೇ; ಪ್ರತಿ ಸುತ್ತಿನಲ್ಲೂ ಚಂದ್ರನ ಹಿಂಬದಿಗೆ ಹೋದಾಗ ಸುಮಾರು 48 ನಿಮಿಷ ಭೂಮಿಯ ಜೊತೆ ರೇಡಿಯೊ ಸಂಪರ್ಕವೇ ಇರುತ್ತಿರಲಿಲ್ಲ. ತಮಗೆ ಭಯವಾಗಲಿ ಒಂಟಿತನವಾಗಲಿ ಆಗಲಿಲ್ಲವೆಂದು ಅವರು ಆಮೇಲೆ ಬರೆದರು. ನನಗೆ ಅದರಲ್ಲಿ ಆಶ್ಚರ್ಯವೇನೂ ಕಾಣುವುದಿಲ್ಲ. ಕೈತುಂಬ ಕೆಲಸವಿತ್ತು, ಆಚೆ ಬದಿಗೆ ಬಂದ ಕೂಡಲೇ ದನಿ ಕೇಳಿಸುತ್ತದೆಂಬ ಭರವಸೆಯೂ ಇತ್ತು.

ಒಂಟಿಮನೆ

ಇಲ್ಲಿಯವರೆಗಿನ ಮಾತೆಲ್ಲ ಬಾಗಿಲು ತಮ್ಮ ಕೈಯಲ್ಲಿರುವವರ ಮಾತು. ಸಂಜೆ ಮನೆ ತುಂಬುವುದು ಖಚಿತವಿದ್ದಾಗ ಮಧ್ಯಾಹ್ನದ ಮೌನವನ್ನು ಹೇಗೆ ಸವಿಯಬೇಕೆಂದು ಚರ್ಚಿಸುವುದು ಸುಲಭ. ನನ್ನ ಸಂಗಾತಿ ತೀರಿಕೊಂಡು ಕೆಲವು ವರ್ಷಗಳಾದವು, ಮಕ್ಕಳು ದೂರದಲ್ಲಿದ್ದಾರೆ, ಮತ್ತು ನಾನಿರುವ ಮೌನವನ್ನು ನಾನು ಕೇಳಿ ಪಡೆದದ್ದಲ್ಲ. ಬೆಳಿಗ್ಗೆ ಯಾರಾದರೂ ಫೋನು ಮಾಡಿದರೆ, ಹಿಂದಿನ ಸಂಜೆಯಿಂದ ಬಳಸದೆ ಇದ್ದ ದನಿ ಹೊರಡುವುದೇ ಇಲ್ಲ. ಎರಡು ಸಲ ಕೆಮ್ಮಿ ಗಂಟಲು ಸರಿಮಾಡಿಕೊಂಡು "ಹಲೋ" ಎನ್ನಬೇಕಾಗುತ್ತದೆ, ಆಚೆಯವರು ಆರೋಗ್ಯ ಸರಿಯಿಲ್ಲವೇ ಎಂದು ಕೇಳುತ್ತಾರೆ. ಇಂತಹವರಿಗೆ ಏಕಾಂತದ ಗುಣಗಾನ ಕೇಳುವುದು ಸಂಕಟದ ವಿಷಯ.

ಏಕಾಂತ ತಾನಾಗಿಯೇ ಮನುಷ್ಯನನ್ನು ತಿದ್ದುತ್ತದೆ ಎಂಬ ನಂಬಿಕೆ ಹಳೆಯದು. 1829ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಆರಂಭವಾದ ಈಸ್ಟರ್ನ್ ಸ್ಟೇಟ್ ಸೆರೆಮನೆಯನ್ನು ಕಟ್ಟಿದ್ದೇ ಆ ನಂಬಿಕೆಯ ಮೇಲೆ: ಕೈದಿಯನ್ನು ಒಂಟಿ ಕೋಣೆಯಲ್ಲಿಟ್ಟರೆ ಆತ್ಮಾವಲೋಕನದಿಂದ ಪಶ್ಚಾತ್ತಾಪ ಹುಟ್ಟುತ್ತದೆಂದು ಸಜ್ಜನರೇ ವಾದಿಸಿದ್ದರು. ಈಗ ವಿಶ್ವಸಂಸ್ಥೆಯ ನೆಲ್ಸನ್ ಮಂಡೇಲಾ ನಿಯಮಗಳು, 2015ರಲ್ಲಿ ಅಂಗೀಕೃತವಾದವು, ಅರ್ಥಪೂರ್ಣ ಮಾನವ ಸಂಪರ್ಕವಿಲ್ಲದೆ ದಿನಕ್ಕೆ 22 ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ಇರಿಸುವುದನ್ನು ಏಕಾಂತವಾಸದ ಶಿಕ್ಷೆಯೆಂದು ಗುರುತಿಸಿ, ಸತತ 15 ದಿನಗಳನ್ನು ಮೀರಿದ ಅಂತಹ ವಾಸವನ್ನು ನಿಷೇಧಿಸುತ್ತವೆ. ಸೆರೆಮನೆಯ ಹೊರಗಿನ ಮಾತಿಗೆ ಬಂದರೆ, ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವು 2025ರ ಜೂನ್‌ನಲ್ಲಿ ನೀಡಿದ ವರದಿಯಂತೆ ಜಗತ್ತಿನ ಆರು ಜನರಲ್ಲಿ ಒಬ್ಬರು ಒಂಟಿತನದಿಂದ ಬಾಧಿತರು. ವರ್ಷಕ್ಕೆ ಸುಮಾರು 8,71,000 ಸಾವುಗಳೊಂದಿಗೆ ಅದಕ್ಕೆ ಸಂಬಂಧವಿದೆಯೆಂದು ಆ ವರದಿ ಅಂದಾಜು ಮಾಡಿದೆ.

ಒಂಟಿತನದ ಕೆಟ್ಟ ಗುಣವೊಂದನ್ನು ಅದರೊಳಗೆ ಬಾಳಿದವರು ಮಾತ್ರ ಬಲ್ಲರು. ಅದು ಅನುಮಾನ ಕಲಿಸುತ್ತದೆ. ಗೆಳತಿ ಕರೆ ಸ್ವೀಕರಿಸದಿದ್ದರೆ ಕೆಲಸದಲ್ಲಿರಬೇಕು ಎಂದು ತೋಚುವುದಿಲ್ಲ, ನನ್ನ ಹೆಸರು ನೋಡಿ ಬಿಟ್ಟಿರಬೇಕು ಎಂದೇ ತೋಚುತ್ತದೆ. ಹಾಗೆ ತೋಚಿದ ಮೇಲೆ ನಾವೂ ಕರೆ ಮಾಡುವುದನ್ನು ಬಿಡುತ್ತೇವೆ, ಒಂಟಿತನ ಇನ್ನಷ್ಟು ಗಟ್ಟಿಯಾಗುತ್ತದೆ. ಒಂಟಿತನ ತಗ್ಗಿಸುವ ನಾನಾ ಕ್ರಮಗಳನ್ನು ಒಟ್ಟಿಗೆ ತೂಗಿ ನೋಡಿದ 2011ರ ವಿಶ್ಲೇಷಣೆಯೊಂದು, ಜನರನ್ನು ಒಂದೆಡೆ ಸೇರಿಸುವುದಕ್ಕಿಂತ ಈ ಬಗೆಯ ಯೋಚನೆಯನ್ನು ತಿದ್ದುವ ಕ್ರಮಗಳೇ ಹೆಚ್ಚು ಫಲ ಕೊಟ್ಟವು ಎಂದು ಕಂಡುಕೊಂಡಿತ್ತು. ಓದಿದಾಗ ನನಗೆ ಹೌದೆನಿಸಿತು. ಹಿರಿಯರ ಕೂಟಗಳಿಗೆ ಹೋಗಿ ನೋಡಿದ್ದೇನೆ. ಅಲ್ಲಿ ಎಲ್ಲರೂ ಒಳ್ಳೆಯವರೇ, ಆದರೆ ನಾನು ಹೋಗದಿದ್ದರೆ ಯಾರ ಕೆಲಸವೂ ಕೆಡುತ್ತಿರಲಿಲ್ಲ. ಈಗ ದೃಷ್ಟಿಯಿಲ್ಲದ ವಿದ್ಯಾರ್ಥಿನಿಯೊಬ್ಬಳಿಗೆ ವಾರಕ್ಕೆ ಎರಡು ಸಂಜೆ ಫೋನಿನಲ್ಲಿ ಪಾಠ ಓದಿ ಹೇಳುತ್ತೇನೆ. ಐದು ನಿಮಿಷ ತಡವಾದರೆ ಅವಳೇ ಕರೆ ಮಾಡಿ ಗದರುತ್ತಾಳೆ. ಆ ಗದರಿಕೆಗಾಗಿ ನಾನು ಕಾಯುತ್ತೇನೆ ಎಂದರೆ ಅವಳು ನಂಬಲಿಕ್ಕಿಲ್ಲ.

ತುಂಬಿದಮನೆ

ಮೂವರಿಗೂ ಕೃತಜ್ಞತೆಗಳು. ಒಂಟಿಮನೆ ಅವರೇ, ನಿಮ್ಮ ಮಾತು ಓದಿದ ಮೇಲೆ ನನ್ನ ಪ್ರಶ್ನೆಯೇ ಒಂದು ಐಷಾರಾಮವೆನಿಸಿ ಅಳಿಸಿಬಿಡೋಣವೆಂದುಕೊಂಡೆ. ಆದರೆ ರಾತ್ರಿಪಾಳಿ ಅವರ ಸಲಹೆಯಂತೆ ಟಿವಿ ಆರಿಸಿ ಬಟ್ಟೆ ಮಡಿಸುತ್ತಾ ಕುಳಿತಾಗ ಕಂಡದ್ದನ್ನು ಬರೆಯಲೇಬೇಕಾಗಿದೆ.

ನನ್ನ ಮನಸ್ಸಿನಲ್ಲಿ ಹೆದರಿಸುವ ಯೋಚನೆ ಯಾವುದೂ ಬರಲಿಲ್ಲ. ಬಂದದ್ದು ಬೇರೆ. ನಾನು ಕಿವಿಗೊಟ್ಟು ಕುಳಿತಿದ್ದೆ. ಅತ್ತೆಯವರ ಮಂಚಕ್ಕೆ ಒಂದು ಸಣ್ಣ ಹಿತ್ತಾಳೆಯ ಗಂಟೆ ಕಟ್ಟಿದ್ದೆವು. ಅವರಿಗೆ ಕೂಗಲು ಶಕ್ತಿಯಿರಲಿಲ್ಲ, ಅಲ್ಲಾಡಿಸಿದರೆ ನಾನು ಎಲ್ಲಿದ್ದರೂ ಓಡುತ್ತಿದ್ದೆ. ಆ ಕೋಣೆ ಈಗ ಮಗಳ ಓದುವ ಕೋಣೆ, ಗಂಟೆ ಎಲ್ಲಿಟ್ಟಿದ್ದೇವೋ ನೆನಪಿಲ್ಲ. ಆದರೂ ಮನೆ ಪೂರ್ತಿ ಸದ್ದಿಲ್ಲದಾದಾಗ ನನ್ನ ಕುತ್ತಿಗೆ ಆ ಕೋಣೆಯ ಕಡೆಗೇ ಸ್ವಲ್ಪ ವಾಲಿರುತ್ತದೆ ಎಂಬುದು ಮೊದಲ ಬಾರಿ ಗಮನಕ್ಕೆ ಬಂತು. ಟಿವಿಯ ಸದ್ದು ಬೇಕಾಗಿದ್ದದ್ದು ಬಹುಶಃ ಇದಕ್ಕೇ: ಅದು ಹಾಕಿದ್ದರೆ ಗಂಟೆ ಕೇಳಿಸಲಿಲ್ಲವೆಂದು ಹೇಳಿಕೊಳ್ಳಲು ಒಂದು ಕಾರಣವಿರುತ್ತದೆ. ಇದಕ್ಕೆ ಏನು ಮಾಡುವುದು? ಕಾಲ ಕಳೆದಂತೆ ತಾನಾಗಿ ಹೋಗುತ್ತದೆಯೇ?

ಹಳೆಯಓದುಗ

ಹಾಗಾದರೆ ಇದನ್ನು ಏಕಾಂತದ ಭಯದ ಪಟ್ಟಿಗೆ ಸೇರಿಸುವುದೇ ಸರಿಯಲ್ಲ. ದೀರ್ಘಕಾಲ ರೋಗಿಯ ಆರೈಕೆ ಮಾಡಿದವರಲ್ಲಿ, ಆರೈಕೆ ಮುಗಿದ ಮೇಲೂ ಉಳಿಯುವ ಎಚ್ಚರವಿದು. ಇದರ ಜೊತೆ ದುಃಖವೂ ಬೆರೆತಿರುತ್ತದೆ. ನಿದ್ದೆ ಕೆಡುತ್ತಿದ್ದರೆ, ಊಟ ರುಚಿಸದಿದ್ದರೆ, ಯಾವುದರಲ್ಲೂ ಆಸಕ್ತಿಯಿಲ್ಲದ ಸ್ಥಿತಿ ವಾರಗಟ್ಟಲೆ ಮುಂದುವರಿದರೆ ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಬೇಕು. ಅದಕ್ಕೆ ಸಂಕೋಚ ಬೇಡ.

ಒಂಟಿಮನೆ ಅವರು ಬಾಗಿಲಿನ ಮಾತೆತ್ತಿದ್ದರಿಂದ ಒಂದು ಸಂಗತಿಯನ್ನು ಸೇರಿಸುತ್ತೇನೆ. 1968ರಲ್ಲಿ ಒಬ್ಬರೇ ಹಾಯಿದೋಣಿಯಲ್ಲಿ, ಎಲ್ಲೂ ದಡ ಹತ್ತದೆ ಭೂಮಿಯನ್ನು ಸುತ್ತುವ ಪಂದ್ಯವೊಂದು ನಡೆಯಿತು. ಹೊರಟವರು ಒಂಬತ್ತು ಮಂದಿ, 1969ರ ಏಪ್ರಿಲ್‌ನಲ್ಲಿ ಮುಗಿಸಿದವರು ರಾಬಿನ್ ನಾಕ್ಸ್-ಜಾನ್‌ಸ್ಟನ್ ಒಬ್ಬರೇ. ಫ್ರಾನ್ಸಿನ ಬರ್ನಾರ್ ಮ್ವಾತೆಸಿಯೆ ಗೆಲ್ಲುವ ಸಾಧ್ಯತೆಯಿದ್ದಾಗಲೇ ಪಂದ್ಯ ತೊರೆದು, ಸಮುದ್ರದಲ್ಲೇ ಮುಂದುವರಿದು ತಹೀತಿಗೆ ಹೋದರು. ಅವರಿಗೆ ಆ ಒಂಟಿ ಬದುಕು ಅಷ್ಟು ಹಿಡಿಸಿತ್ತು. ಡೊನಾಲ್ಡ್ ಕ್ರೌಹರ್ಸ್ಟ್ ಅಟ್ಲಾಂಟಿಕ್ ಬಿಟ್ಟು ಕದಲದೆಯೇ ಭೂಮಿ ಸುತ್ತುತ್ತಿರುವಂತೆ ಸುಳ್ಳು ಸ್ಥಾನಗಳನ್ನು ರೇಡಿಯೊದಲ್ಲಿ ತಿಳಿಸುತ್ತಾ ಹೋದರು. 1969ರ ಜುಲೈನಲ್ಲಿ ಅವರ ದೋಣಿ ಖಾಲಿಯಾಗಿ ತೇಲುತ್ತಿದ್ದದ್ದು ಸಿಕ್ಕಿತು. ಇಬ್ಬರೂ ತಿಂಗಳುಗಟ್ಟಲೆ ಒಂಟಿಯಾಗಿದ್ದವರೇ. ಆದರೆ ಕ್ರೌಹರ್ಸ್ಟ್ ಅವರಿಗೆ ಮರಳಿ ಬಂದು ಜನರ ಮುಖ ನೋಡುವ ದಾರಿ ತಮ್ಮ ಸುಳ್ಳಿನಿಂದಲೇ ಮುಚ್ಚಿಹೋಗಿತ್ತು. ಆದ್ದರಿಂದ ಒಂಟಿತನದ ಅವಧಿಯನ್ನು ಅಳೆಯುವುದಕ್ಕಿಂತ ಹಿಂದಿರುಗುವ ದಾರಿ ಇದೆಯೇ ಎಂದು ಕೇಳುವುದು ಹೆಚ್ಚು ಉಪಯುಕ್ತ ಎಂಬುದು ನನ್ನ ನಿಲುವು. ಒಂಟಿಮನೆ ಅವರ ವಿದ್ಯಾರ್ಥಿನಿಯ ಗದರಿಕೆಯನ್ನೂ ನಾನು ಹಾಗೆಯೇ ಅರ್ಥಮಾಡಿಕೊಂಡಿದ್ದೇನೆ.

ಒಂಟಿಮನೆ

ಪ್ರಶ್ನೆಯನ್ನು ಅಳಿಸಬೇಡಿ ತಾಯಿ. ನನ್ನ ಕೋಪ ನಿಮ್ಮ ಮೇಲಲ್ಲ, ಮೌನವನ್ನು ಮದ್ದಿನಂತೆ ಎಲ್ಲರಿಗೂ ಒಂದೇ ಅಳತೆಯಲ್ಲಿ ಹಂಚುವವರ ಮೇಲೆ. ಸಂಗಾತಿಯ ಕಾಯಿಲೆಯ ದಿನಗಳಲ್ಲಿ ಆಮ್ಲಜನಕದ ಯಂತ್ರದ ಸದ್ದನ್ನು ಕೇಳುತ್ತಲೇ ನಿದ್ದೆ ಮಾಡುತ್ತಿದ್ದವಳು ನಾನು. ಯಂತ್ರ ನಿಂತ ಮೇಲೆ ಆ ಸದ್ದಿಲ್ಲದೆ ನಿದ್ದೆ ಬರುತ್ತಿರಲಿಲ್ಲ. ತಾನಾಗಿ ಹೋಗುತ್ತದೆಯೇ ಎಂದರೆ, ಹೋಗುತ್ತದೆ. ನಿಧಾನವಾಗಿ, ಹೇಳದೆ ಕೇಳದೆ.

ರಾತ್ರಿಪಾಳಿ

ಕಿವಿಯ ವಿಷಯದಲ್ಲಿ ನಾನೂ ಎರಡು ಮಾತು ಹೇಳಬಲ್ಲೆ. ಪಾಳಿ ಮುಗಿಸಿ ಮನೆಗೆ ಬಂದು ಮಲಗಿದಾಗ ಪಂಪಿನ ಎಚ್ಚರಿಕೆಯ ಗಂಟೆ ಹೊಡೆದಂತಾಗಿ ಎದ್ದು ಕೂರುವುದು ನಮ್ಮ ಕೆಲಸದಲ್ಲಿ ಎಲ್ಲರಿಗೂ ಇರುವಂತಹದ್ದೇ. ಪಾಳಿ ಬದಲಾಗುವಾಗ ನಾವು ಪುಸ್ತಕದಲ್ಲಿ ಬರೆದು ಸಹಿ ಮಾಡಿ, ಬಂದವರ ಸಹಿಯನ್ನೂ ಪಡೆದು, "ಇನ್ನು ನಿಮ್ಮದು" ಎಂದು ಬಾಯಿಬಿಟ್ಟು ಹೇಳಿ ಬರುತ್ತೇವೆ. ಇದನ್ನು ಸರಿಯಾಗಿ ಮಾಡಿದ ದಿನ ಆ ಗಂಟೆ ಕಡಿಮೆ ಕೇಳಿಸುತ್ತದೆ. ಅವಸರದಲ್ಲಿ ಹಾಗೇ ಹೊರಟು ಬಂದ ದಿನ ನಿದ್ದೆ ಇಲ್ಲ. ನೀವು ವರ್ಷಗಟ್ಟಲೆ ಪಾಳಿ ಮಾಡಿದ್ದೀರಿ, ಆದರೆ ಅದನ್ನು ನಿಮ್ಮಿಂದ ಯಾರೂ ವಹಿಸಿಕೊಂಡಿಲ್ಲ.

ಸದ್ಯಕ್ಕೆ ಒಬ್ಬರೇ ಇರುವ ಅಭ್ಯಾಸವನ್ನು ಮನೆಯೊಳಗೇ ಮಾಡಬೇಕೆಂದು ಹಟ ಹಿಡಿಯಬೇಡಿ. ನಿಮ್ಮನ್ನು ಯಾರೂ ಎಂದೂ ಕರೆದಿಲ್ಲದ ಜಾಗ ಹುಡುಕಿ; ಗ್ರಂಥಾಲಯವೋ, ಉದ್ಯಾನದ ಬೆಂಚೋ, ಯಾವುದಾದರೂ ಸರಿ. ಅಲ್ಲಿ ನಿಮ್ಮ ಕಿವಿಗೆ ಕೆಲಸವಿರುವುದಿಲ್ಲ. ಫೋನು ಚೀಲದಲ್ಲೇ ಇರಲಿ, ಆರಿಸಬೇಕಾಗಿಲ್ಲ.

ಪತಿಯವರ ಪ್ರಶ್ನೆಗೆ "ಕೋಪವಿಲ್ಲ" ಎಂದಷ್ಟೇ ಹೇಳಿದರೆ ಅವರು ನಂಬುವುದಿಲ್ಲ, ಏಕೆಂದರೆ ಕೋಪವಿದ್ದವರೂ ಅದನ್ನೇ ಹೇಳುತ್ತಾರೆ. ಇಲ್ಲಿ ನಮಗೆ ಬರೆದಂತೆಯೇ ಗಂಟೆಯ ವಿಷಯವನ್ನು ಅವರಿಗೆ ಹೇಳಿ. ಅದು ಅವರ ತಾಯಿಯ ಗಂಟೆಯೂ ಹೌದಲ್ಲವೇ. ಆಮೇಲೆ ಅವರಿಂದ ಒಂದು ಮಾತು ಪಡೆಯಿರಿ: ಭಾನುವಾರ ಮಧ್ಯಾಹ್ನ ಇಂತಿಷ್ಟು ಹೊತ್ತಿನವರೆಗೆ ಮನೆಯಲ್ಲಿ ಯಾರು ಕರೆದರೂ, ಏನು ಬಿದ್ದರೂ, ಯಾರು ಬಾಗಿಲು ತಟ್ಟಿದರೂ ನಾನು ನೋಡಿಕೊಳ್ಳುತ್ತೇನೆ ಎಂದು. ಮನಸ್ಸಿನಲ್ಲಿ ಅಂದುಕೊಂಡರೆ ಸಾಲದು, ನಿಮ್ಮೆದುರು ಗಟ್ಟಿಯಾಗಿ ಹೇಳಬೇಕು, ಮತ್ತು ನೀವು ಹೊರಗೆ ಹೊರಡುವ ಮೊದಲು ಹೇಳಬೇಕು.